ಬಾಡಿಗಿ ಬಾಕಿ ಅದ ಅಂತ ನೀರು ಬಂದ್ ಮಾಡೋದು ಯಾವ ನ್ಯಾಯ?

ಮೊದಲ ಹೇಳಿಬಿಡ್ತೇನಿ, ಈ ಸಲ ಬರದದ್ದು ಓದಿ ನಮ್ಮ ಬಳಗದಾಗ ನಾಕು ಮಂದಿಗರೆ ಸಿಟ್ಟು ಬರ್ತದ. ಬರ್ಲಿ. ನಮ್ಮೊಳಗ ಎಷ್ಟು ಮಂದಿಗೆ ಮ್ಯಾಲೊಂದು ಮನಿ, ಹಿತ್ತಲದಾಗ ಎರಡು ಖೋಲಿ ಬಾಡಿಗಿಗೆ ಅವ ಅನ್ನೋದು ನನಗ ಗೊತ್ತದ. ಬಾಡಿಗಿ ಮನ್ಯಾಗ ಇರೋರೂ ನಮ್ಮೊಳಗ ಇದ್ದಾರ. ಆದ್ರ ಅವರು ಅರಿಷಿಣ-ಕುಂಕುಮಕ್ಕ ಬಂದಾಗ ಈ ಮಾತು ತೆಗಿಯೂದಿಲ್ಲ. ಮಾಲಕರೂ ಅಲ್ಲೇ ಚಾಪಿ ಮ್ಯಾಲೆ ಕೂತಿರ್ತಾರಲ್ಲ, ಹ್ಯಾಂಗ ತೆಗೀಬೇಕು?

ನಾ ಹೇಳೋದು ಇಷ್ಟ. ಬಾಡಿಗಿ ಬಾಕಿ ಅನ್ನೋದು ಒಂದು ಸಾಲ. ಕಳವು ಅಲ್ಲ. ಸಾಲ ವಸೂಲಿಗೆ ದಾರಿ ಅವ. ನೀರು ಬಂದ್ ಮಾಡೋದು, ಫ್ಯೂಜ್ ಕಿತ್ತೋದು, ಮಂದಿ ಹೊರಗ ಹೋದಾಗ ಬಾಗಲಕ್ಕ ಬ್ಯಾರೆ ಕೀಲಿ ಜಡಿಯೋದು, ಇವು ಯಾವೂ ಆ ದಾರ್ಯಾಗ ಬರೂದಿಲ್ಲ. "ಮನಿ ನಮ್ದು, ನಮ್ಮ ಇಚ್ಛಾ" ಅನ್ನೋ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗ್ಯಾವ.

ನಮ್ಮ ಓಣ್ಯಾಗಿನ ಒಂದು ಸಂಸಾರದ ಲೆಕ್ಕಾ ಹೇಳ್ತೇನಿ, ಹೆಸರು ಬ್ಯಾಡ. ಗಂಡ ಅರಿವಿ ಅಂಗಡ್ಯಾಗ ಕೆಲಸಕ್ಕಿದ್ದ. ಗಾಡಿ ಮ್ಯಾಲಿಂದ ಬಿದ್ದು ಕಾಲು ಮುರಕೊಂಡ, ರಾಡ್ ಹಾಕಿದ್ರು. ಅಂಗಡ್ಯಾವರು ಒಂದು ತಿಂಗಳ ಪಗಾರ ಕೊಟ್ಟು ಕೈ ತೊಳ್ಕೊಂಡ್ರು. ಆಕಿ ಮನ್ಯಾಗ ರೊಟ್ಟಿ ಬಡದು ಖಾನಾವಳಿಗೆ ಕೊಡ್ತಾಳ. ಆ ರೊಕ್ಕದಾಗ ಔಷಧ ಆತು, ಎರಡು ಮಕ್ಕಳ ಸಾಲಿ ಆತು, ಬಾಡಿಗಿ ಆಗ್ಲಿಲ್ಲ. ತಿಂಗಳಿಗೆ 6,500 ರೂಪಾಯಿ ಬಾಡಿಗಿ. ಮೂರು ತಿಂಗಳು ನಿಂತ್ರ 19,500. ಮಾಲಕರು ಮ್ಯಾಲಿನ ಟಾಕಿಯಿಂದ ಅವರ ಮನಿಗೆ ಬರೋ ವಾಲ್ವ್ ತಿರುವಿಬಿಟ್ರು. ನಮ್ಮ ಕಡೆ ಕಾರ್ಪೊರೇಶನ್ ನೀರು ದಿನಾ ಬರೂದಿಲ್ಲ, ಟಾಕಿ ನೀರಿಲ್ಲ ಅಂದ್ರ ಒಲಿ ಮ್ಯಾಲೆ ಅನ್ನ ಇಡ್ಲಿಕ್ಕೆ ಆಗೂದಿಲ್ಲ, ಬಚ್ಚಲಕ್ಕ ಹೋಗ್ಲಿಕ್ಕೆ ಆಗೂದಿಲ್ಲ. ಆಕಿ ಮುಂಜಾನೆ ನಾಕೂವರಿಗೆ ಎದ್ದು ಹಿಂದಿನ ಮನ್ಯಾವರ ಬೋರಿನಿಂದ ಕೊಡ ಹೊರತಾಳ. ನಾಕೂವರಿಗೆ ಯಾಕ ಅಂದ್ರ, ಓಣಿ ಎದ್ದಿರೂದಿಲ್ಲ.

ಈಗ ಇನ್ನೊಂದು ಅಂಕಿ ನೋಡ್ರಿ. ಮನಿ ಹಿಡಿಯೂ ಮುಂದ ಅವರು ಡಿಪಾಸಿಟ್ ಕೊಟ್ಟದ್ದು 50,000. ಅದರಾಗ ಮೂರು ತಿಂಗಳ ಬಾಕಿ ಕಳದ್ರೂ ಆಕಿದs 30,500 ರೂಪಾಯಿ ಇನ್ನೂ ಮಾಲಕರ ಹತ್ರ ಅದ. ಅದಕ್ಕ ಒಂದು ಪೈಸಾ ಬಡ್ಡಿ ಕೊಟ್ಟಿಲ್ಲ, ಕೊಡೂದೂ ಇಲ್ಲ. ಅಂದ್ರ ಇಲ್ಲೆ ಯಾರು ಯಾರಿಗೆ ಕೊಡಬೇಕಾಗೇದ? ಆದ್ರ ತಲಿ ತಗ್ಗಿಸಿ ನಡಿಯಾಕಿ ಆಕಿ. ಬೆಂಗಳೂರಾಗ ಹತ್ತು ತಿಂಗಳ ಬಾಡಿಗಿ ಡಿಪಾಸಿಟ್ ಕೇಳೋ ರೂಢಿ ಎಷ್ಟು ವರ್ಷದಿಂದ ನಡದದ, ನಿಮ್ಮ ಮಕ್ಕಳನ್ನ ಕೇಳ್ರಿ. ಕೇಂದ್ರ ಸರಕಾರ 2021ರಾಗ ಒಂದು ಮಾದರಿ ಬಾಡಿಗಿ ಕಾಯ್ದೆ ಬರದು ರಾಜ್ಯಗಳಿಗೆ ಕಳಸ್ತು. ವಾಸದ ಮನಿಗೆ ಎರಡು ತಿಂಗಳಿಗಿಂತ ಹೆಚ್ಚಿಗಿ ಡಿಪಾಸಿಟ್ ತಗೋಬಾರದು ಅಂತ ಅದರಾಗ ಅದ. ಅದು ಬರೇ ಮಾದರಿ, ರಾಜ್ಯ ಒಪ್ಪಿ ಕಾಯ್ದೆ ಮಾಡಿದ್ರಷ್ಟ ನಡೀತದ.

ನಮ್ಮ ಓಣಿ ಹೆಂಗಸರು ಏನಂದ್ರು ಅನ್ನೋದು ನನಗ ವಾಲ್ವಿಗಿಂತ ಹೆಚ್ಚು ಚುಚ್ಚೇದ. "ಪಾಪ ಅನಸ್ತದ್ರಿ, ಆದ್ರ ಮಾಲಕರದೂ ತಪ್ಪಿಲ್ಲ ಬಿಡ್ರಿ." "ಮರ್ಯಾದಿಲೆ ಬಿಟ್ಟು ಸಣ್ಣ ಮನಿ ನೋಡ್ಕೋಬಾರದೇನು?" ಅಲ್ರಿ, ಸಣ್ಣ ಮನಿಗೂ ಡಿಪಾಸಿಟ್ ಬೇಕು. ಇಲ್ಲಿದ್ದದ್ದು ಕೈಗೆ ಬಂದಿಲ್ಲ. ಸಾಮಾನು ಸಾಗಿಸೋ ಟೆಂಪೋಕ್ಕ ರೊಕ್ಕ ಬೇಕು. ಮಗಳು ಹತ್ತನೇತ್ತೆ, ಪರೀಕ್ಷೆ ಮುಂದ ಬಂದದ. ಇಷ್ಟೆಲ್ಲಾ ಗೊತ್ತಿದ್ದೂ ನಾವು ಮರ್ಯಾದಿ ಪಾಠ ಹೇಳ್ತೇವಿ.

ಇವರ ಹೆಂಗಸರು ಸಂಘದ ಸಾಲದವರು ಬಾಗಲಾಗ ಬಂದು ಕೂತಾಗ ಬಾಯಿ ತುಂಬ ಬೈದಿದ್ರು, ನೆನಪದ ಏನು? ಫೈನಾನ್ಸಿನವರು ಮನಿ ಮುಂದ ಬಂದು ಒದರ್ತಾರ, ಪಾತ್ರೆ ಹೊರಗ ಒಗೀತಾರ ಅಂತ ರಾಜ್ಯದ ತುಂಬ ಗದ್ದಲ ಆತು. 2025ರಾಗ ನಮ್ಮ ಸರಕಾರ ಅದರ ಮ್ಯಾಲೆ ಕಾಯ್ದೆನೂ ತಂತು. ಸಾಲ ಇದ್ರೂ ಮನುಷ್ಯಾರನ್ನ ಕಾಡಿ ವಸೂಲಿ ಮಾಡಬಾರದು ಅಂತ. ಅದಕ್ಕ ನಾವು ಚಪ್ಪಾಳಿ ಬಡದ್ವಿ. ವಾಲ್ವ್ ತಿರುವೋದು ಅದಕ್ಕಿಂತ ಯಾವ ಲೆಕ್ಕದಾಗ ಬ್ಯಾರೆ?

ಕಾಯ್ದೆ ಏನು ಹೇಳ್ತದ ಅನ್ನೋದು ಸ್ವಲ್ಪ ತಿಳ್ಕೋರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಕರ್ನಾಟಕ ಬಾಡಿಗಿ ಕಾಯ್ದೆ, 1999 ಅಂತ ಒಂದದ. ಅದರಾಗ ಬಾಕಿ ಇದ್ರ ಮಾಲಕರು ಮೊದಲು ನೋಟಿಸ್ ಕೊಡಬೇಕು, ಅಲ್ಲಿಂದ ಎರಡು ತಿಂಗಳದಾಗ ಕೊಡಲಿಲ್ಲ ಅಂದ್ರಷ್ಟ ಕೋರ್ಟಿಗೆ ಹೋಗಬಹುದು. ಆದ್ರ ದೊಡ್ಡ ಊರಾಗ ತಿಂಗಳಿಗೆ 3,500, ಉಳಿದ ಕಡೆ 2,000 ದಾಟಿದ ಬಾಡಿಗಿಗೆ ಆ ಕಾಯ್ದೆ ಹತ್ತೂದಿಲ್ಲ. ಈ ಕಾಲದಾಗ 3,500ಕ್ಕ ನೆಟ್ಟಗ ಒಂದು ಖೋಲಿ ಸಿಗೂದಿಲ್ಲ. ಬಡವರ ಸಲುವಾಗಿ ಮಾಡಿದ ಕಾಯ್ದೆ ಬಡವರಿಗೇ ಹತ್ತದಂಗಾಗಿ ಕೂತದ, ಯಾವ ಪಕ್ಷದವರೂ ಆ ಅಂಕಿ ಮುಟ್ಟೂದಿಲ್ಲ. ಓಟು ಕೇಳ್ಲಿಕ್ಕೆ ಬಂದಾಗ ಇದನ್ನ ಯಾರರೆ ಕೇಳೀರೇನು?

ಉಳಿದವರಿಗೆ 1882ರ ಆಸ್ತಿ ವರ್ಗಾವಣಿ ಕಾಯ್ದೆನ ಗತಿ. ತಿಂಗಳಾ ತಿಂಗಳಾ ಬಾಡಿಗಿ ಇದ್ದು, ಕರಾರಿನಾಗ ಬ್ಯಾರೆ ಏನೂ ಬರದಿಲ್ಲ ಅಂದ್ರ 15 ದಿವಸದ ನೋಟಿಸ್ ಕೊಡಬೇಕು. 15 ದಿವಸ ಆದ ಮ್ಯಾಲೆ ಮಾಲಕರು ಬಂದು ಸಾಮಾನು ಹೊರಗ ಇಡಬಹುದೇನು? ಇಲ್ಲ. ಆವಾಗ ಅವರು ಕೋರ್ಟಿಗೆ ಹೋಗಬಹುದು, ಅಷ್ಟ. ಬಿಡಸೋದು ಕೋರ್ಟಿನ ಹುಕುಂ, ಮಾಲಕರ ತಮ್ಮ ಅಲ್ಲ, ಪರಿಚಯದ ಪೊಲೀಸಪ್ಪನೂ ಅಲ್ಲ. ಬಾಕಿ ಒಂದ ಕಾರಣಕ್ಕ ಕರಾರು ಮುರದು ಬಿಡಸ್ಲಿಕ್ಕೆ ಹೊಂಟಿದ್ರ, ವಿಚಾರಣೆಯಾಗ ಬಾಕಿ, ಬಡ್ಡಿ, ಖರ್ಚು ಎಲ್ಲಾ ಕಟ್ಟಿದ್ರ ಮನಿ ಉಳಿಸೋ ಅಧಿಕಾರ ಜಡ್ಜಿಗೆ ಅದ. ಜೋರಿನಿಂದ ಹೊರಗ ಹಾಕಿಬಿಟ್ರ? ಆರು ತಿಂಗಳದೊಳಗ ಕೋರ್ಟಿಗೆ ಹೋದ್ರ ಒಳಗ ಕಳಸೂ ಹುಕುಂ ಪಡೀಬಹುದು. ಹಾಕಿದವರು ಮನಿ ಮಾಲಕರ ಆಗಿದ್ರೂ. ಇದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮು. ಅಡಗಿ ಮನಿ ಕ್ಯಾಲೆಂಡರ್ ಮ್ಯಾಲೆ ಬರದಿಟ್ಕೋರಿ.

"ಕೋರ್ಟಿಗೆ ಹೋದ್ರ ವರ್ಷಾನುಗಟ್ಟಲೆ ಆಗ್ತದ, ನಾವು ಅಲ್ಲಿತನಕ ಏನು ತಿನ್ನಬೇಕು?" ಅಂತ ಮಾಲಕರ ಕಡೆಯವರು ಕೇಳ್ತಾರ. ಈ ಮಾತು ನಾ ತಳ್ಳಿಹಾಕೂದಿಲ್ಲ. ಗಂಡ ತೀರಿಕೊಂಡು, ಪೆನ್ಶನ್ ಇಲ್ಲದ, ಮ್ಯಾಲಿನ ಮನಿ ಬಾಡಿಗಿ ಮ್ಯಾಲೆ ಬದುಕೋ ಕಾಕುಗೋಳು ನಮ್ಮ ಬಳಗದಾಗೂ ಇದ್ದಾರ. ಆರು ತಿಂಗಳು ಕೊಡದ, ಹಲ್ಲು ಕಿಸದು, ರಾತ್ರೋರಾತ್ರಿ ಓಡಿಹೋದವರನ್ನ ನಾನೂ ನೋಡೇನಿ. ಆದ್ರ ಅಂಥಾವರನ್ನ ತೋರಿಸಿ, ಕಾಲು ಮುರದವನ ಮನಿ ನೀರು ನಿಲ್ಲಸೋದು ಹ್ಯಾಂಗ? ರೊಕ್ಕ ಬೇಕಂದ್ರ ಕೂತು ಮಾತಾಡ್ರಿ. ಡಿಪಾಸಿಟ್ಟಿನಾಗ ಇಷ್ಟು ಮುರ್ಕೊಂಡೇವಿ ಅಂತ ಕಾಗದದ ಮ್ಯಾಲೆ ಬರೀರಿ, ಇಬ್ಬರೂ ಸಹಿ ಹಾಕ್ರಿ. ಉಳಿದದ್ದಕ್ಕ ತಿಂಗಳಿಗೆ ಎರಡು ಸಾವಿರದಂಗ ಹೊಂದಿಸ್ರಿ. ಪರೀಕ್ಷೆ ಮುಗಿಯೂತನಕ ಅವಧಿ ಕೊಡ್ರಿ. ಹೊಸಾ ಬಾಡಿಗಿಯವರನ್ನ ಹುಡುಕಿ, ಬಣ್ಣಾ ಹಚ್ಚಿಸಿ, ಮನಿ ಖಾಲಿ ಬೀಳೋ ಎರಡು ತಿಂಗಳ ಲೆಕ್ಕಾ ಹಿಡಿದ್ರ ಕಾಕುಗೂ ಇದರಾಗ ಲುಕ್ಸಾನಿಲ್ಲ.

2020ರ ಮಾರ್ಚ್ 29ಕ್ಕ ಕೇಂದ್ರ ಗೃಹ ಮಂತ್ರಾಲಯ ಒಂದು ಆದೇಶ ಹೊರಡಸ್ತು, ಕೂಲಿಕಾರರಿಂದ ಒಂದು ತಿಂಗಳು ಬಾಡಿಗಿ ಕೇಳಬಾರದು, ಅವರನ್ನೂ ವಿದ್ಯಾರ್ಥಿಗಳನ್ನೂ ಹೊರಗ ಹಾಕಬಾರದು ಅಂತ. ಊರಿಗೆ ಊರ ಕೂಡಿ ಕಷ್ಟಕ್ಕ ಬಿದ್ದಾಗ ಸರಕಾರಕ್ಕೂ ಈ ಮಾತು ತಿಳೀತು. ಒಂದ ಮನಿಗೆ ಕಷ್ಟ ಬಂದ್ರ ನಮಗ ಯಾಕ ತಿಳೀವಲ್ದು?

ಬಾಡಿಗಿ ಮನ್ಯಾಗ ಇರೋ ತಂಗಿಗೋಳಿಗೂ ಒಂದು ಮಾತು. ಬಾಕಿ ಬಿದ್ದ ಮೊದಲನೇ ತಿಂಗಳಾನ ಹೋಗಿ ಹೇಳ್ರಿ, ಮುಖ ತಪ್ಪಿಸಿ ಹಿಂದಿನ ಬಾಗಲದಿಂದ ಓಡ್ಯಾಡಬ್ಯಾಡ್ರಿ. ಎರಡು ಸಾವಿರ ಇದ್ರ ಎರಡು ಸಾವಿರ ಕೊಡ್ರಿ, ಫೋನ್‌ಪೇ ಮಾಡ್ರಿ, ದಾಖಲಿ ಉಳೀತದ. ಕೈಯಾಗ ಕೊಟ್ರ ಪಾವತಿ ಬರಸ್ಕೋರಿ. ತಾಳಿ ಅಡ ಇಟ್ಟು ಬಾಡಿಗಿ ಕಟ್ಟೋ ಮುಂದ ಡಿಪಾಸಿಟ್ಟಿನಾಗ ಮುರ್ಕೋರಿ ಅಂತ ಬಾಯಿ ಬಿಟ್ಟು ಕೇಳ್ರಿ. ಖಾಲಿ ಕಾಗದಕ್ಕ ಸಹಿ ಹಾಕಬ್ಯಾಡ್ರಿ, ಕೀಲಿ ಯಾರ ಕೈಗೂ ಕೊಡಬ್ಯಾಡ್ರಿ. ಕರಾರಿನಾಗ ಬರೇ ಗಂಡನ ಹೆಸರಿದ್ರ ಮುಂದಿನ ಸಲ ನಿಮ್ಮದೂ ಹಾಕಸ್ರಿ, ಮನ್ಯಾಗ ಇರಾಕಿ ನೀವು.

ನೋಟಿಸ್ ಬಂದ್ರ ಕಪಾಟಿನಾಗ ಮುಚ್ಚಿಡಬ್ಯಾಡ್ರಿ. ಕೋರ್ಟಿನ ಆವಾರದಾಗ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರ್ತದ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ ಅಲ್ಲಿ ವಕೀಲರು ಫುಕಟ್, ಆದಾಯ ಎಷ್ಟು ಅಂತ ನೋಡೂದಿಲ್ಲ. ಫೋನ್ ಮಾಡೋದಾದ್ರ 15100. ಹೋಗೋ ಮುಂದ ಆಧಾರ್, ಬಾಡಿಗಿ ಕರಾರು, ಪಾವತಿ, ಬಂದ ನೋಟಿಸ್, ಎಲ್ಲಾದರ ಝೆರಾಕ್ಸ್ ತಗೊಂಡು ಹೋಗ್ರಿ. ಒಬ್ಬಾಕಿನ ಹೋಗ್ಲಿಕ್ಕೆ ಅಂಜಿಕಿ ಆಗ್ತದ ಅನ್ನೋರು ನನಗ ಹೇಳಿ ಕಳಸ್ರಿ, ಅಡಗಿ ಮುಗಿಸಿ ಹನ್ನೊಂದರ ಬಸ್ಸಿಗೆ ಕೂಡೇ ಹೋಗೂಣು.