ಕೆಡದ ಮಾನಿಟರು ಮತ್ತು ಭದ್ರೆಯ ದಂಡೆ



ಶಿವಮೊಗ್ಗದ ನಮ್ಮ ಪುಟ್ಟ ಕಚೇರಿಯಲ್ಲಿ ಈ ಪತ್ರಿಕೆಯ ಪುಟಗಳು ಸಿದ್ಧವಾಗುವುದು 17 ಅಂಗುಲದ ಹಳೆಯ ಮಾನಿಟರೊಂದರ ಮುಂದೆ. ಅರ್ಧ ಮೇಜನ್ನು ಆಕ್ರಮಿಸಿಕೊಂಡು ಕುಳಿತಿರುವ, ಪಿಕ್ಚರ್ ಟ್ಯೂಬಿನ, ಭಾರವಾದ ಮಾನಿಟರು ಅದು. 2004ರಲ್ಲಿ ಬಂದದ್ದು. ಗುಂಡಿ ಒತ್ತಿದರೆ ಇಂದಿಗೂ ತಪ್ಪದೆ ಬೆಳಗುತ್ತದೆ. ಒತ್ತಕ್ಷರಗಳೂ ಸ್ಪಷ್ಟವಾಗಿ ಕಾಣುತ್ತವೆ. ಕಳೆದ ತಿಂಗಳ ಸಭೆಯಲ್ಲಿ ಹಿತೈಷಿಗಳೊಬ್ಬರು ಹೊಸ ಚಪ್ಪಟೆ ಮಾನಿಟರನ್ನು ಕೊಡಿಸಲು ಮುಂದೆ ಬಂದರು. ಇದರಲ್ಲಿ ಚರ್ಚಿಸುವುದೇನಿದೆ ಎಂದುಕೊಂಡವರು ನಾವು ಎರಡು ಗಂಟೆ ವಾದಿಸಿ, ಯಾವ ತೀರ್ಮಾನಕ್ಕೂ ಬಾರದೆ, ಚಹಾ ಕುಡಿದು ಎದ್ದೆವು.

ಆ ದಿನ ನಾನು ಬದಲಾಯಿಸಬೇಕೆಂಬ ಪಕ್ಷದಲ್ಲಿದ್ದೆ. ಆ ಪಕ್ಷವನ್ನು ಈಗಲೂ ಪೂರ್ತಿಯಾಗಿ ಬಿಟ್ಟಿಲ್ಲ. ಆದರೆ ಈ ನಡುವೆ ಭದ್ರಾವತಿಯಲ್ಲಿ ಕಂಡ ಒಂದು ನೋಟ ಅದಕ್ಕೊಂದು ಷರತ್ತನ್ನು ಸೇರಿಸಿದೆ. ಆ ಷರತ್ತನ್ನು ತಮ್ಮ ಮುಂದಿಡುವುದೇ ಈ ಬರೆಹದ ಉದ್ದೇಶ.

ಮೊದಲು ನನ್ನ ಹಳೆಯ ವಾದ. ಇಂತಹ ಮಾನಿಟರು ಸುಮಾರು 75 ವಾಟ್ ವಿದ್ಯುತ್ತನ್ನು ಬೇಡುತ್ತದೆ. ಅದೇ ಗಾತ್ರದ ಇಂದಿನ ಎಲ್‌ಇಡಿ ಮಾನಿಟರಿಗೆ 20 ವಾಟ್ ಸಾಕು. ದಿನಕ್ಕೆ ಆರು ಗಂಟೆಯಂತೆ ವರ್ಷಕ್ಕೆ 300 ದಿನ ಉರಿಸಿದರೆ ವ್ಯತ್ಯಾಸ 99 ಯೂನಿಟ್. ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದಾದ್ದರಿಂದ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈ ಆಕ್ಸೈಡ್ ಇರುತ್ತದೆ. ಅಂದರೆ ಈ ಒಂದು ಮಾನಿಟರಿನ ಹಟಕ್ಕೆ ವರ್ಷಕ್ಕೆ 70 ಕಿಲೋ ಹೊಗೆ. ಗೃಹಜ್ಯೋತಿ ಯೋಜನೆಯಿಂದ ಮನೆಯ ಬಿಲ್ಲು ಶೂನ್ಯವಾಗಬಹುದು. ಉರಿದ ಕಲ್ಲಿದ್ದಲು ಶೂನ್ಯವಾಗುವುದಿಲ್ಲ.

ವಿದ್ಯುತ್ತಿನ ಬೆಲೆಯನ್ನು ಮಲೆನಾಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲಿಂಗನಮಕ್ಕಿಯ ನೀರಿನಡಿಯಲ್ಲಿ ಊರುಗಳೇ ಇವೆ. ಅಲ್ಲಿಂದ ಎದ್ದುಬಂದ ಕುಟುಂಬಗಳ ಮೂರನೆಯ ತಲೆಮಾರು ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದೆ. ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬೇಡವೆಂದು ಘೋಷಣೆ ಕೂಗುವ ನಾವು ನಮ್ಮ ಮೇಜಿನ ಮೇಲಿನ 55 ವಾಟ್‌ಗಳ ಸೋರಿಕೆಯನ್ನು ಕಾಣದಂತೆ ಇರಬಹುದೇ? ಇದು ನಾನು ಸಭೆಯಲ್ಲಿ ಕೇಳಿದ ಪ್ರಶ್ನೆ.

ಎದುರು ಪಕ್ಷದ ಹಿರಿಯರು ಕೊಟ್ಟ ಉತ್ತರವೂ ಹಗುರವಾದುದಲ್ಲ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯವು 2004ರಲ್ಲಿ ಬೆಳಕಿಗೆ ತಂದ ಅಧ್ಯಯನವೊಂದನ್ನು ಅವರು ನೆನಪಿಸಿದರು. ಅದರ ಪ್ರಕಾರ, 17 ಅಂಗುಲದ ಪಿಕ್ಚರ್ ಟ್ಯೂಬ್ ಮಾನಿಟರಿನ ಸಹಿತ ಒಂದು ಗಣಕಯಂತ್ರವನ್ನು ತಯಾರಿಸಲು ಕನಿಷ್ಠ 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕಗಳು ಮತ್ತು 1500 ಕಿಲೋ ನೀರು ವ್ಯಯವಾಗುತ್ತವೆ. ಆ ಖರ್ಚು ಆಗಿಹೋಗಿದೆ. ಆಗಿಹೋದ ಖರ್ಚಿನಿಂದ ಬಂದ ವಸ್ತು ಇನ್ನೂ ದುಡಿಯುತ್ತಿರುವಾಗ ಮತ್ತೊಂದು ಖರ್ಚನ್ನು ಏಕೆ ಮೈಮೇಲೆ ಎಳೆದುಕೊಳ್ಳಬೇಕು? ಚಪ್ಪಟೆ ಮಾನಿಟರೇನೂ ಆಕಾಶದಿಂದ ಉದುರುವುದಿಲ್ಲ. ಅದಕ್ಕೂ ಗಣಿ ಬೇಕು, ಕಾರ್ಖಾನೆ ಬೇಕು, ಹಡಗು ಬೇಕು.

ಇವೆರಡರಲ್ಲಿ ಯಾವುದು ಸರಿ? ಉತ್ತರ ಇರುವುದು ಬಳಕೆಯ ಗಂಟೆಗಳಲ್ಲಿ. ಹೊಸ ಮಾನಿಟರಿನ ತಯಾರಿಕೆಯಲ್ಲಿ ಹೊಮ್ಮುವ ಇಂಗಾಲದ ಡೈ ಆಕ್ಸೈಡ್ 200 ಕಿಲೋ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ದಿನಕ್ಕೆ ಆರು ಗಂಟೆ ದುಡಿಯುವ ನಮ್ಮ ಕಚೇರಿಯಲ್ಲಿ ಆ ಸಾಲ ಸುಮಾರು 3 ವರ್ಷಗಳಲ್ಲಿ ತೀರುತ್ತದೆ. ದಿನಕ್ಕೆ ಒಂದೇ ಗಂಟೆ ಬಳಸುವ ಮನೆಯಲ್ಲಿ ಅದು ತೀರಲು 17 ವರ್ಷ ಬೇಕು. ಅಷ್ಟರೊಳಗೆ ಆ ಹೊಸದೂ ಹಳತಾಗಿ ಮೂಲೆ ಸೇರಿರುತ್ತದೆ. ಆದ್ದರಿಂದ ಮಗನ ಪರೀಕ್ಷೆಯ ಫಲಿತಾಂಶ ನೋಡಲು, ವಾರಕ್ಕೊಂದು ಪತ್ರ ಬರೆಯಲು ಗಣಕವನ್ನು ಬಳಸುವವರು ತಮ್ಮ ಹಳೆಯ ಮಾನಿಟರನ್ನು ನಿಶ್ಚಿಂತೆಯಿಂದ ಇಟ್ಟುಕೊಳ್ಳಬಹುದು. ತೆರೆಯ ಮೇಲೆ ಚಿತ್ರ ಕುಣಿಸುವ ಸ್ಕ್ರೀನ್ ಸೇವರಿನಿಂದ ವಿದ್ಯುತ್ತು ಉಳಿಯುವುದಿಲ್ಲ. ಎದ್ದುಹೋಗುವಾಗ ಗೋಡೆಯ ಸ್ವಿಚ್ಚನ್ನೇ ಆರಿಸಬೇಕು, ಅಷ್ಟೆ.

ನಮ್ಮ ಕಚೇರಿಯ ವಿಷಯದಲ್ಲಿ ಇನ್ನೊಂದು ಸಂಗತಿಯೂ ಇದೆ. ಪತ್ರಿಕೆಗೆ ಅಕ್ಷರ ಜೋಡಿಸುವ ಸಹೋದರಿಗೆ ಸಂಜೆಯ ಹೊತ್ತಿಗೆ ತಲೆನೋವು ಬರುತ್ತದೆ. ಇಂತಹ ಮಾನಿಟರು ಸೆಕೆಂಡಿಗೆ 60 ಬಾರಿ ಮಾತ್ರ ಮಿನುಗುವಂತೆ ಹೊಂದಿಸಲ್ಪಟ್ಟಿದ್ದರೆ ಕಣ್ಣಿಗೆ ಆಯಾಸ. ನೋಡಿದರೆ ನಮ್ಮದೂ ಹಾಗೆಯೇ ಇತ್ತು. ಗಣಕದಲ್ಲಿಯೇ ಅದನ್ನು 85ಕ್ಕೆ ಏರಿಸಿದೆವು. ನೋವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಭೂಮಿಯ ಆರೋಗ್ಯದ ಹೆಸರಿನಲ್ಲಿ ಜೊತೆಗಾರರ ಆರೋಗ್ಯವನ್ನು ಅಡವಿಡುವುದು ಚಳವಳಿಗೆ ಶೋಭೆಯಲ್ಲ. ಹೀಗೆ ಎಲ್ಲ ದಿಕ್ಕಿನಿಂದಲೂ ಬದಲಾವಣೆಯ ಪಕ್ಷವೇ ಗೆದ್ದಂತೆ ಕಂಡಿತು.

ಹಾಗಾದರೆ ಹಳೆಯದನ್ನು ಏನು ಮಾಡುವುದು? ಇದಕ್ಕೆ ಉತ್ತರ ಹುಡುಕುತ್ತ ಭದ್ರಾವತಿಗೆ ಹೋದೆ. ಶಿವಮೊಗ್ಗದಿಂದ ಅರ್ಧ ಗಂಟೆಯ ಹಾದಿಯಾದ ಆ ಊರಿನಲ್ಲಿ ಗುಜರಿ ವ್ಯಾಪಾರ ಹಳೆಯದು. ಕಬ್ಬಿಣದ ಊರಿನಲ್ಲಿ ಅದು ಸಹಜವೂ ಹೌದು. ನದಿಗೆ ಹತ್ತಿರದ ಒಂದು ಗುಜರಿ ಅಂಗಡಿಯ ಹಿಂದೆ ಹುಡುಗನೊಬ್ಬ ಬರಿಗೈಯಲ್ಲಿ ಹಳೆಯ ಟಿವಿಯೊಂದನ್ನು ಬಿಚ್ಚುತ್ತಿದ್ದ. ಟ್ಯೂಬಿನ ಕತ್ತನ್ನು ಸುತ್ತಿಗೆಯಿಂದ ಒಡೆದು, ಅದಕ್ಕೆ ಸುತ್ತಿದ ತಾಮ್ರದ ಸುರುಳಿಯನ್ನು ಎಳೆದುಕೊಂಡ. ಉಳಿದ ಗಾಜನ್ನು ಬುಟ್ಟಿಯಲ್ಲಿ ತುಂಬಿ ಬೇಲಿಯಾಚೆಗೆ ಸುರಿದ. ಏಕಪ್ಪಾ ಎಂದು ಕೇಳಿದೆ. “ಗಾಜಿಗೆ ಕಾಸಿಲ್ಲ ಸಾರ್, ತಾಮ್ರಕ್ಕೆ ಮಾತ್ರ” ಎಂದ. ಅವನ ಮೇಲೆ ನನಗೆ ಕೋಪವಿಲ್ಲ. ಅದು ಅವನ ಹೊಟ್ಟೆಪಾಡು. ವಿಷವನ್ನು ಅವನ ಕೈಗೆ ದಾಟಿಸಿ ಕೈ ತೊಳೆದುಕೊಂಡವರು ಓದು ಬರೆಹ ಬಲ್ಲ ನಾವು.

ಬೇಲಿಯಾಚೆ ಬಿದ್ದದ್ದು ಬರಿಯ ಗಾಜಲ್ಲ. ಪಿಕ್ಚರ್ ಟ್ಯೂಬಿನೊಳಗೆ ಹುಟ್ಟುವ ಕ್ಷಕಿರಣಗಳು ನೋಡುವವರನ್ನು ತಲುಪದಿರಲೆಂದು ಅದರ ಗಾಜಿಗೆ ಸೀಸವನ್ನು ಬೆರೆಸಿರುತ್ತಾರೆ. ಗಾತ್ರಕ್ಕೆ ತಕ್ಕಂತೆ ಒಂದು ಮಾನಿಟರಿನಲ್ಲಿ ಅರ್ಧ ಕಿಲೋದಿಂದ ಎರಡು ಕಿಲೋವರೆಗೂ ಸೀಸ ಇರಬಹುದು. ಮಾನಿಟರು ಮೇಜಿನ ಮೇಲಿರುವವರೆಗೆ ಈ ಸೀಸ ನಮ್ಮ ರಕ್ಷಕ. ಗಾಜು ಪುಡಿಯಾದ ಕ್ಷಣದಿಂದ ಅದೇ ವಿಷ. ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂಠಿತಗೊಳಿಸುವ ಈ ಲೋಹಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂಬುದು ವೈದ್ಯವಿಜ್ಞಾನದ ಮಾತು. ಮಲೆನಾಡಿನ ಮಳೆ ಆ ಪುಡಿಯನ್ನು ಸುಮ್ಮನೆ ಬಿಟ್ಟೀತೇ? ಬೇಲಿಯಿಂದ ಹಳ್ಳಕ್ಕೆ, ಹಳ್ಳದಿಂದ ಭದ್ರೆಗೆ, ಕೂಡಲಿಯಲ್ಲಿ ತುಂಗೆಗೆ. ಅಲ್ಲಿಂದ ಮುಂದೆ ತುಂಗಭದ್ರೆಯನ್ನು ಕುಡಿಯುವವರಿಗೆ ನಮ್ಮ ಕಚೇರಿಯ ಹೆಸರೂ ತಿಳಿಯದು.

ಇಷ್ಟು ಕಂಡ ಬಳಿಕ ಹಳೆಯದನ್ನು ಎಂದಿಗೂ ಬದಲಿಸಲೇಬಾರದು ಎಂದು ಶಪಥ ಮಾಡೋಣವೆ? ಅದೂ ಸರಿಯಲ್ಲವೆಂದು ಭದ್ರಾವತಿಯ ಇತಿಹಾಸವೇ ಹೇಳುತ್ತದೆ. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ 1918ರಲ್ಲಿ ಸ್ಥಾಪನೆಯಾದ ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಸುತ್ತಲಿನ ಕಾಡಿನ ಮರವೇ ಇದ್ದಿಲಾಗಿ ಆಹಾರವಾಯಿತು. ಆ ಹಳೆಯ ವಿಧಾನ ಹಾಗೆಯೇ ಮುಂದುವರಿಯಬೇಕಿತ್ತೆಂದು ಕಾಡನ್ನು ಬಲ್ಲ ಯಾರೂ ಹೇಳಲಾರರು. ಆದರೆ 2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಕೇಳಿದ ಪ್ರಶ್ನೆಯನ್ನೂ ಮರೆಯಲಾಗದು: ನಮ್ಮ ಗತಿಯೇನು? ಹಳೆಯದನ್ನು ಕೈಬಿಡುವವರು ಉತ್ತರಿಸಬೇಕಾದ ಮೊದಲ ಪ್ರಶ್ನೆ ಅದೇ. ಕೈಬಿಟ್ಟದ್ದು ಯಾರ ತಲೆಯ ಮೇಲೆ ಬೀಳುತ್ತದೆ? ಕಾರ್ಖಾನೆಗೂ ಮಾನಿಟರಿಗೂ ಹೋಲಿಕೆಯೇ ಎಂದು ನಗಬೇಡಿ. ಪ್ರಮಾಣ ಬೇರೆ, ಪ್ರಶ್ನೆ ಒಂದೇ.

ಕಾನೂನೇನೋ ಇದೆ. 2011ರಲ್ಲಿ ದೇಶದ ಮೊದಲ ಇ-ತ್ಯಾಜ್ಯ ನಿಯಮಗಳು ಬಂದವು. 2022ರ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ವಸ್ತುವನ್ನು ತಯಾರಿಸಿದವರೇ ಅದರ ಅಂತ್ಯಸಂಸ್ಕಾರದ ಹೊಣೆಯನ್ನೂ ಹೊರಬೇಕೆಂಬುದು ಅವುಗಳ ತಿರುಳು. ದೇಶದ ಮೊದಮೊದಲ ಅಧಿಕೃತ ಮರುಬಳಕೆ ಘಟಕಗಳಲ್ಲೊಂದು 2005ರಲ್ಲಿಯೇ ನಮ್ಮ ರಾಜ್ಯದ ದಾಬಸ್‌ಪೇಟೆಯಲ್ಲಿ ಆರಂಭವಾಯಿತು. ಆದರೂ 2022ರಲ್ಲಿ ಜಗತ್ತಿನಲ್ಲಿ ಉಂಟಾದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಯಾದದ್ದು ಕಾಲುಭಾಗಕ್ಕಿಂತಲೂ ಕಡಿಮೆ. ಪಿಕ್ಚರ್ ಟ್ಯೂಬಿನ ಪಾಡು ಇನ್ನೂ ಕಷ್ಟದ್ದು. ಹಿಂದೆ ಅದರ ಸೀಸದ ಗಾಜನ್ನು ಕರಗಿಸಿ ಹೊಸ ಟ್ಯೂಬುಗಳಿಗೆ ಬಳಸುತ್ತಿದ್ದರು. ಹೊಸ ಟ್ಯೂಬುಗಳ ತಯಾರಿಕೆಯೇ ಬಹುತೇಕ ನಿಂತುಹೋದ ಮೇಲೆ ಆ ಗಾಜು ಯಾರಿಗೂ ಬೇಡವಾಯಿತು. ಹುಡುಗ ಹೇಳಿದ “ಕಾಸಿಲ್ಲ” ಎಂಬ ಮಾತಿನ ಅರ್ಥ ಇದು.

ಆದ್ದರಿಂದ ನನ್ನ ನಿಲುವು ಇಷ್ಟು. ಹಳೆಯದರ ದಾರಿ ಗೊತ್ತಾಗುವವರೆಗೆ ಹೊಸದು ನಮ್ಮ ಹೊಸ್ತಿಲು ದಾಟಬಾರದು. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿತರಾದ ಮರುಬಳಕೆದಾರರು ನಮ್ಮ ಮಾನಿಟರನ್ನು ಇಡಿಯಾಗಿ, ಒಡೆಯದೆ ಪಡೆದು ರಸೀದಿ ಕೊಡುವ ದಿನವೇ ಅದನ್ನು ಮೇಜಿನಿಂದ ಇಳಿಸೋಣ. ಒಂದು ಮಾನಿಟರಿಗಾಗಿ ಯಾರೂ ಇಷ್ಟು ದೂರ ವಾಹನ ಕಳುಹಿಸಲಾರರು. ಶಿವಮೊಗ್ಗ, ಭದ್ರಾವತಿಗಳ ಮನೆಗಳಲ್ಲಿ, ಶಾಲೆಗಳಲ್ಲಿ, ಸಹಕಾರ ಸಂಘಗಳಲ್ಲಿ ಅಟ್ಟ ಸೇರಿರುವ ಇಂತಹವನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಲಾರಿಯಾದರೂ ತುಂಬೀತು. ಬಾಡಿಗೆಯನ್ನು ಹಂಚಿಕೊಳ್ಳೋಣ. ಆ ಗುಜರಿ ಅಂಗಡಿಯವರನ್ನೂ ಸೇರಿಸಿಕೊಳ್ಳೋಣ: ಒಡೆಯದೆ ತಂದುಕೊಟ್ಟ ಪ್ರತಿಯೊಂದು ಟ್ಯೂಬಿಗೆ ತಾಮ್ರದ ಬೆಲೆಯಷ್ಟನ್ನು ನಾವೇ ಕೊಟ್ಟರೆ ಆ ಹುಡುಗ ಸುತ್ತಿಗೆ ಎತ್ತಬೇಕಾಗಿಲ್ಲ.

ಹೊಸ ಮಾನಿಟರು ಕೊಡಿಸಲು ಬಂದ ಹಿತೈಷಿಗಳಲ್ಲಿ ಒಂದು ವಿನಂತಿ. ದೊಡ್ಡ ಕಚೇರಿಗಳು ಕೆಡದ ಚಪ್ಪಟೆ ಮಾನಿಟರುಗಳನ್ನೂ ಹೊರಹಾಕುತ್ತಿವೆ. ಅಂತಹದೊಂದನ್ನು ನಮಗೆ ಕೊಡಿಸಿ. ಉಳಿದ ಹಣವನ್ನು ಲಾರಿಯ ಬಾಡಿಗೆಗೆ ದಾನವಾಗಿ ನೀಡಿ. ಅಲ್ಲಿಯವರೆಗೆ ನಮ್ಮ ಮಾನಿಟರು ದಿನಕ್ಕೆ ಆರರ ಬದಲು ನಾಲ್ಕು ಗಂಟೆ ಉರಿಯಲಿ. ತಿದ್ದುವ ಕೆಲಸವನ್ನು ಹಿಂದಿನಂತೆ ಕಾಗದದ ಮೇಲೆ ಮಾಡೋಣ. ಸಹೋದರಿಯ ಕಣ್ಣಿಗೂ ವಿಶ್ರಾಂತಿ ಸಿಕ್ಕೀತು.

ಮುಂದಿನ ತಿಂಗಳ ಸಭೆಯಲ್ಲಿ ಈ ಪ್ರಸ್ತಾಪವನ್ನು ಮಂಡಿಸಲಿದ್ದೇನೆ. ಬರುವಾಗ ತಮ್ಮ ಅಟ್ಟದ ಮೇಲೇನಿದೆಯೆಂದು ಒಮ್ಮೆ ನೋಡಿಕೊಂಡು ಬನ್ನಿ. ಆ ಪಟ್ಟಿಯಿಂದಲೇ ಸಭೆಯನ್ನು ಆರಂಭಿಸೋಣ.