ಕಡಲಾಚೆಗೆ ಹೊರಟ ಮಗಳು

ಕಳೆದ ಶ್ರಾವಣದ ಒಂದು ಸಂಜೆ ಗದಗ ಜಿಲ್ಲೆಯ ಸದ್ಭಕ್ತ ದಂಪತಿಗಳು ನಮ್ಮನ್ನು ಕಾಣಲು ಬಂದಿದ್ದರು. ಅವರ ಮಗಳು ಬೆಂಗಳೂರಿನ ಕಂಪನಿಯೊಂದರಲ್ಲಿ ಉದ್ಯೋಗದಲ್ಲಿದ್ದಾಳೆ. ಅಲ್ಲಿ ಪರಿಚಿತನಾದ ಜರ್ಮನಿ ದೇಶದ ಎಂಜಿನಿಯರನನ್ನು ಮದುವೆಯಾಗಿ ಅವನ ದೇಶದಲ್ಲಿಯೇ ನೆಲೆಸುವುದಾಗಿ ಮನೆಯವರಿಗೆ ತಿಳಿಸಿದ್ದಾಳೆ. ಆ ಮಾತು ಕೇಳಿದ ದಿನದಿಂದ ತಂದೆ ಮಗಳೊಡನೆ ಮಾತು ಬಿಟ್ಟು ಮೂರು ತಿಂಗಳಾಗಿತ್ತು. ತಾಯಿ ಮಾತ್ರ ಹಿತ್ತಲಿನಲ್ಲಿ ನಿಂತು, ಗಂಡನಿಗೆ ಕೇಳದಂತೆ, ಮಗಳೊಡನೆ ಫೋನಿನಲ್ಲಿ ಮಾತನಾಡುತ್ತಿದ್ದರು.

“ಗುರುಗಳ, ಆಕಿ ಕೊರಳಾಗಿನ ಲಿಂಗದ ಗತಿ ಏನ್ರಿ?” ಎಂದು ಆ ತಾಯಿ ಕಣ್ಣೊರೆಸಿಕೊಂಡು ಕೇಳಿದರು. ಬಹಳ ಹೊತ್ತು ಸುಮ್ಮನಿದ್ದ ತಂದೆ, “ನಾಳೆ ಅಂವ ಕೈಬಿಟ್ರ ಅಲ್ಲೆ ಆಕಿಗೆ ಯಾರ ಅದಾರ್ರಿ?” ಎಂದರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇಂದು ಇವೇ ಪ್ರಶ್ನೆಗಳು ಏಳುತ್ತಿರುವುದರಿಂದ, ಅಂದು ನಾವು ಅವರಿಗೆ ಹೇಳಿದುದನ್ನು ಓದುಗರ ಮುಂದೆಯೂ ಇಡುತ್ತಿದ್ದೇವೆ.

ಮೊದಲು ತಾಯಿಯ ಪ್ರಶ್ನೆ. ಬಸವಾದಿ ಶರಣರು ದೇವರನ್ನು ಗುಡಿಯಿಂದ ಭಕ್ತನ ಅಂಗೈಗೆ ತಂದರು. ಇಷ್ಟಲಿಂಗಕ್ಕೆ ಊರಿನ ಹಂಗಿಲ್ಲ, ದೇಶದ ಗಡಿಯಿಲ್ಲ. ಎಡದ ಅಂಗೈ, ಚಿಟಿಕೆ ವಿಭೂತಿ, ತಂಬಿಗೆ ನೀರು, ನೆಲೆಗೊಂಡ ಮನಸ್ಸು ಇಷ್ಟಿದ್ದರೆ ಮ್ಯೂನಿಕ್ ನಗರದ ಹಿಮಗಾಲದಲ್ಲಿಯೂ ಪೂಜೆ ಸಾಂಗವಾಗಿ ನಡೆಯುತ್ತದೆ. ಬಿಲ್ವಪತ್ರೆ ದೊರೆಯದಿದ್ದರೆ ಲಿಂಗವೇನೂ ಮುನಿಯದು. ನಾವು ಆ ತಾಯಿಯನ್ನು ಕೇಳಿದೆವು: “ಮಗಳು ಬೆಂಗಳೂರಿನಲ್ಲಿ ನಿತ್ಯವೂ ಲಿಂಗಪೂಜೆ ಮಾಡುತ್ತಾಳೆಯೆ, ತಾಯಿ?” ಅವರು ತಲೆ ತಗ್ಗಿಸಿದರು. ಹಾಗಿದ್ದರೆ ಈ ಚಿಂತೆ ಜರ್ಮನಿಯಿಂದ ಹುಟ್ಟಿದುದಲ್ಲ. ಮಗಳ ಓದು, ಅಂಕ, ಸಂಬಳಗಳನ್ನು ವಿಚಾರಿಸಿದ ನಾವು ಅವಳ ಪೂಜೆಯನ್ನು ವಿಚಾರಿಸದೆ ಬಿಟ್ಟ ದಿನಗಳಿಂದ ಹುಟ್ಟಿದುದು.

ಪರನಾಡಿನವರೊಡನೆ, ಪರಮತದವರೊಡನೆ ವಿವಾಹವೆಂಬುದು ಶರಣರ ಕಥೆಗಳಿಗೆ ಹೊಸತಲ್ಲ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ, ಎಂದರೆ ಈ ದಂಪತಿಗಳ ಜಿಲ್ಲೆಯದೇ ಆದ ಇಂದಿನ ಲಕ್ಷ್ಮೇಶ್ವರಕ್ಕೆ, ಬಂದ ಆದಯ್ಯನು ಜೈನ ಮನೆತನದ ಪದ್ಮಾವತಿಯ ಕೈಹಿಡಿದ ಕಥೆಯನ್ನು ಹರಿಹರನೂ ರಾಘವಾಂಕನೂ ಹಾಡಿದ್ದಾರೆ. ಅಲ್ಲಿ ಕಲಹಕ್ಕೆ ಕಾರಣವಾದುದು ಅವರಿಬ್ಬರ ಪ್ರೀತಿಯಲ್ಲ, ಮನೆಗೆ ಬಂದ ಅತಿಥಿಗಳಿಗೆ ಅನ್ನವಿಕ್ಕುವ ವಿಷಯ. ಇಂದಿಗೂ ಇಂತಹ ಸಂಸಾರಗಳಲ್ಲಿ ಮನಸ್ತಾಪ ಮೊದಲು ತಲೆಯೆತ್ತುವುದು ಅಡುಗೆಮನೆಯಲ್ಲಿಯೇ. ಮನೆಯೊಳಗೆ ಮಾಂಸ ಬೇಯುವುದೋ ಇಲ್ಲವೋ, ಹುಟ್ಟುವ ಮಕ್ಕಳಿಗೆ ಲಿಂಗಧಾರಣೆ ಆಗುವುದೋ ಇಲ್ಲವೋ, ಮುಪ್ಪಿನಲ್ಲಿ ಎರಡೂ ಕಡೆಯ ತಂದೆತಾಯಿಗಳನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಮದುವೆಗೆ ಮುಂಚೆಯೇ ಇಬ್ಬರೂ ಕುಳಿತು ಮಾತನಾಡಿಕೊಳ್ಳಲಿ. ಈ ಮಾತುಗಳಿಗೆ ಬೇಸರಪಡುವ ವರನಾದರೆ, ಆತ ನಮ್ಮ ಊರಿನವನೇ ಆಗಿದ್ದರೂ ಎರಡು ಬಾರಿ ಯೋಚಿಸಬೇಕು.

ಇನ್ನು ತಂದೆಯ ಪ್ರಶ್ನೆ. ಇದಕ್ಕೆ ಭಕ್ತಿಯೊಂದೇ ಉತ್ತರವಲ್ಲ, ಕಾನೂನಿನ ತಿಳಿವಳಿಕೆಯೂ ಬೇಕು. 1955ರ ಹಿಂದೂ ವಿವಾಹ ಅಧಿನಿಯಮವು ಲಿಂಗಾಯತರಿಗೂ ಅನ್ವಯಿಸುತ್ತದೆಯಾದರೂ, ಅದು ವಧೂವರರಿಬ್ಬರೂ ಅದರ ವ್ಯಾಪ್ತಿಗೆ ಸೇರಿದವರಾಗಿದ್ದರೆ ಮಾತ್ರ. ಕ್ರೈಸ್ತ ವರನೊಡನೆ ಇಲ್ಲಿ ಮದುವೆಯಾಗುವುದಾದರೆ 1954ರ ವಿಶೇಷ ವಿವಾಹ ಅಧಿನಿಯಮವು ಒಂದು ದಾರಿ. ಅದಕ್ಕೆ 30 ದಿನಗಳ ಮುಂಚಿತ ನೋಟೀಸು ಅವಶ್ಯ. ಮಠದಲ್ಲಿ ಗುರುಗಳ ಆಶೀರ್ವಾದ ಪಡೆದ ಮಾತ್ರಕ್ಕೆ ಪರದೇಶದ ಕಚೇರಿಗಳು ಮದುವೆಯಾಯಿತೆಂದು ಒಪ್ಪುವುದಿಲ್ಲ. ಪತಿಯೊಡನೆ ನೆಲೆಸಲು ವೀಸಾ ಕೊಡುವ ಮುನ್ನ ಜರ್ಮನ್ ಸರ್ಕಾರವು ಸಾಮಾನ್ಯವಾಗಿ ‘ಎ-1’ ಎಂಬ ಮೊದಲ ಹಂತದ ಭಾಷಾಪರೀಕ್ಷೆಯ ಪ್ರಮಾಣಪತ್ರ ಕೇಳುತ್ತದೆ. ಅಲ್ಲಿಗೆ ಹೋದ ಪತ್ನಿಯ ವಾಸದ ಪರವಾನಗಿ ಮೊದಮೊದಲು ದಾಂಪತ್ಯವನ್ನೇ ಆಶ್ರಯಿಸಿರುತ್ತದೆ. ಸಾಮಾನ್ಯವಾಗಿ ಮೂರು ವರ್ಷ ಒಟ್ಟಿಗೆ ಬಾಳಿದ ಬಳಿಕ, ದಾಂಪತ್ಯ ಮುರಿದರೂ ಅಲ್ಲಿರುವ ಸ್ವತಂತ್ರ ಹಕ್ಕು ದೊರೆಯುತ್ತದೆ. ಹಿಂಸೆಗೆ ಒಳಗಾದವರಿಗೆ ಅವಧಿಯ ಮೊದಲೇ ಈ ರಕ್ಷಣೆ ಸಿಗಲು ಅವಕಾಶವುಂಟು.

ವಿದೇಶಿಯನನ್ನು ಮದುವೆಯಾದ ಮಾತ್ರಕ್ಕೆ ಭಾರತದ ಪೌರತ್ವ ಹೋಗದು. ತಾನಾಗಿಯೇ ಬೇರೆ ದೇಶದ ಪೌರತ್ವ ಪಡೆದರೆ ಮಾತ್ರ ಹೋಗುತ್ತದೆ. ಮಗಳು ತನ್ನ ಪಾಸ್‌ಪೋರ್ಟನ್ನೂ ಪದವಿಪತ್ರಗಳನ್ನೂ ತನ್ನ ಬಳಿಯಲ್ಲಿಯೇ ಇಟ್ಟುಕೊಳ್ಳಲಿ, ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲಿ. ಬರ್ಲಿನ್ನಿನಲ್ಲಿ ನಮ್ಮ ರಾಯಭಾರ ಕಚೇರಿಯೂ, ಮ್ಯೂನಿಕ್, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್‌ಗಳಲ್ಲಿ ದೂತಾವಾಸಗಳೂ ಇವೆ. ಅವುಗಳ ವಿಳಾಸ ಅವಳಲ್ಲಿಯೂ ಇರಲಿ, ನಿಮ್ಮಲ್ಲಿಯೂ ಇರಲಿ. ಎಲ್ಲಕ್ಕಿಂತ ಮಿಗಿಲಾಗಿ ಅವಳು ಆ ನಾಡಿನ ಭಾಷೆ ಕಲಿತು ತನ್ನ ಕಾಯಕವನ್ನು ಅಲ್ಲಿಯೂ ಮುಂದುವರಿಸಲಿ. ಕಾಯಕವುಳ್ಳವಳು ಎಲ್ಲಿಯೂ ಪರಾಧೀನಳಾಗಳು.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಆ ತಾಯಿ ಮೆಲ್ಲನೆ ಇನ್ನೊಂದು ಸಂಗತಿ ತಿಳಿಸಿದರು. ಎರಡು ವರ್ಷಗಳ ಹಿಂದೆ ಮಗಳು ಲಿಂಗವಂತ ತರುಣನೊಬ್ಬನನ್ನೇ ಮೆಚ್ಚಿದ್ದಳಂತೆ. ಒಳಪಂಗಡ ಬೇರೆಯೆಂದು ಮನೆಯವರು ನಿರಾಕರಿಸಿದ್ದರು. ಇದನ್ನು ಕೇಳಿ ನಮಗೆ ಮಾತೇ ಹೊರಡಲಿಲ್ಲ. ಮಧುವರಸರ ಮಗಳನ್ನು ಹರಳಯ್ಯನವರ ಮಗನಿಗೆ ಕೊಟ್ಟು ಮದುವೆ ಮಾಡಿದುದಕ್ಕಾಗಿ ಕಲ್ಯಾಣದಲ್ಲಿ ಆ ಇಬ್ಬರು ತಂದೆಯರೂ ಪ್ರಾಣ ತೆತ್ತರೆಂದು ನಾವು ವರ್ಷವರ್ಷವೂ ಪುರಾಣ ಹೇಳಿಸುತ್ತೇವೆ, ಕೇಳಿ ಕಣ್ಣೀರು ಹಾಕುತ್ತೇವೆ. ಮಾರನೆಯ ದಿನ ವರನ ಕಡೆಯವರು ಬಂದರೆ ಮೊದಲು ಒಳಪಂಗಡ ಕೇಳುತ್ತೇವೆ. ಅಮೆರಿಕದಿಂದ ಸೊಸೆ ತಂದ ಮಗನ ಭಾವಚಿತ್ರವನ್ನು ಪಡಸಾಲೆಯಲ್ಲಿ ತೂಗುಹಾಕುವ ಮನೆಗಳಲ್ಲಿಯೇ, ಪರದೇಶದವನನ್ನು ವರಿಸಿದ ಮಗಳ ಹೆಸರೆತ್ತುವವರಿಲ್ಲ. ಇದು ಶರಣರ ಆಚಾರವಲ್ಲ. ಸಮಾಜಕ್ಕೆ ಸೇರಿದ ನಮ್ಮೆಲ್ಲರ ತಪ್ಪು ಇದರಲ್ಲಿದೆ, ಆ ದಂಪತಿಗಳದ್ದು ಮಾತ್ರವಲ್ಲ.

ಅನ್ಯದೇಶದವನೆಂಬ ಕಾರಣಕ್ಕೆ ವರನು ಕೆಟ್ಟವನಾಗುವುದಿಲ್ಲ, ಒಳ್ಳೆಯವನೂ ಆಗುವುದಿಲ್ಲ. ಅವನ ನಡೆನುಡಿ, ಮನೆತನ, ಉದ್ಯೋಗ, ಹಿಂದಿನ ಸಂಬಂಧಗಳನ್ನು ಊರಿನ ವರನ ವಿಷಯದಲ್ಲಿ ವಿಚಾರಿಸುವಂತೆಯೇ ವಿಚಾರಿಸಬೇಕು. ಮಾತು ಬಿಟ್ಟ ತಂದೆ ಇದನ್ನು ವಿಚಾರಿಸುವುದೆಂತು? ತವರಿನ ಬಾಗಿಲು ಮುಚ್ಚಿದ್ದರೂ ವಯಸ್ಸಿಗೆ ಬಂದ ಮಗಳು ಹೋಗಿಯೇ ಹೋಗುತ್ತಾಳೆ. ಆದರೆ ಅಲ್ಲಿ ಕಷ್ಟ ಬಂದ ದಿನ, ಯಾವ ಮುಖ ಹೊತ್ತು ಹಿಂದಿರುಗಲಿ ಎಂದು ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ಸಹಿಸುತ್ತಾಳೆ. “ಅಲ್ಲಿ ಆಕೆಗೆ ಯಾರಿದ್ದಾರೆ” ಎಂಬ ಪ್ರಶ್ನೆಗೆ “ನಾವಿದ್ದೇವೆ” ಎಂದು ಉತ್ತರಿಸಬೇಕಾದವರು ತಂದೆತಾಯಿಗಳೇ.

ತಂದೆ ಅಂದು ಒಪ್ಪಿಗೆಯ ಮಾತನಾಡಲಿಲ್ಲ. ಹೊರಡುವಾಗ ಮಾತ್ರ ಪಾದಕ್ಕೆರಗಿ, “ಆ ಹುಡುಗಂಗ ಒಮ್ಮೆ ಊರಿಗೆ ಬಾ ಅಂತೀನ್ರಿ. ಕಣ್ಣಿಂದ ನೋಡ್ತೀನಿ” ಎಂದರು. ಮಗಳಿಗೆಂದು ಒಂದು ವಿಭೂತಿಗಟ್ಟಿಯನ್ನೂ ಕೇಳಿ ಪಡೆದರು. ಇಂತಹ ಸಂದರ್ಭ ಬಂದೊದಗಿದ ಎಲ್ಲ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೆ: ಒಪ್ಪುವುದು, ಬಿಡುವುದು ಆಮೇಲಿನ ಮಾತು. ಮೊದಲು ಮಗಳೊಡನೆ ಮಾತನಾಡಿರಿ.