ದೊಡ್ಡಜ್ಜಿ ಹತ್ತಬಲ್ಲ ಗಾಡಿ



ದಸರೆ ರಜೆ ಹತ್ತಿರ ಬಂತೆಂದರೆ ಉತ್ತರದ ಕಡೆ ಹೊರಡುವ ಮನೆಗಳಲ್ಲಿ ಒಂದೇ ಚರ್ಚೆ: ಯಾವ ಗಾಡಿಯಲ್ಲಿ ಹೋಗುವುದು? ರೈಲು, ವಿಮಾನ ಇಲ್ಲವೆಂದಲ್ಲ. ಆದರೆ ದಾರಿಯುದ್ದಕ್ಕೂ ನಿಂತು, ನೋಡಿ, ಬುತ್ತಿ ಬಿಚ್ಚಿ, ಎಲ್ಲರೂ ಒಟ್ಟಿಗೆ ಹೋಗುವ ಆಸೆ ಇದ್ದವರಿಗೆ ರಸ್ತೆಯೇ ಬೇಕು. ಈ ಸಲ ನಮ್ಮ ಮನೆಯಲ್ಲೂ ಅದೇ ಆಸೆ. ಹೊಸದುರ್ಗದಿಂದ ನಮ್ಮ ಅಕ್ಕ ಮತ್ತು ಅವರ ಮಗ ಸೊಸೆ, ಹೊಳಲ್ಕೆರೆಯಿಂದ ತಮ್ಮ, ಹಿರಿಯೂರಿನಿಂದ ಮಗಳು ಮತ್ತು ಅವಳ ಇಬ್ಬರು ಮಕ್ಕಳು, ದುರ್ಗದಿಂದ ನಾವಿಬ್ಬರು. ಒಟ್ಟು ಒಂಬತ್ತು ಜನ. ಹೋಗಬೇಕಾದ್ದು ಕಾಶಿಗೆ. ಹಾಗಾಗಿ ಈ ವಾರ ಗಾಡಿಯ ಲೆಕ್ಕ ಬರೆಯೋಣ.

ಮೊದಲು ದಾರಿ. ಚಿತ್ರದುರ್ಗದಿಂದ ಚಳ್ಳಕೆರೆ, ಬಳ್ಳಾರಿ, ಕರ್ನೂಲು, ಹೈದರಾಬಾದು, ನಾಗಪುರ, ಜಬಲ್ಪುರ, ಪ್ರಯಾಗ, ಕಾಶಿ. ಸುಮಾರು 1,750 ಕಿಲೋಮೀಟರ್. ಕರ್ನೂಲಿನಿಂದ ಮುಂದೆ ಬಹುದೂರ ನಮ್ಮ ಜೊತೆ ಬರುವುದು 44ನೇ ರಾಷ್ಟ್ರೀಯ ಹೆದ್ದಾರಿ, ಅಂದರೆ ಕನ್ಯಾಕುಮಾರಿಯಿಂದ ಶ್ರೀನಗರದವರೆಗೆ ಹೋಗುವ ರಸ್ತೆ. ನಾಗಪುರ ದಾಟಿದ ಮೇಲೆ ಪೆಂಚ್ ಕಾಡು ಬರುತ್ತದೆ. ಅಲ್ಲಿ ವಾಹನಗಳು ಮೇಲಿನ ಸೇತುವೆಯಲ್ಲಿ ಹೋಗುತ್ತವೆ, ಹುಲಿ ಜಿಂಕೆಗಳು ಕೆಳಗಿನಿಂದ ದಾಟುತ್ತವೆ. ಪ್ರಾಣಿಗಳಿಗಾಗಿಯೇ ಕಟ್ಟಿದ ದಾರಿ ಅದು. ಮಕ್ಕಳೇ, ಆ ಹೊತ್ತಿಗೆ ನಿದ್ದೆ ಮಾಡಬೇಡಿ!

ಈ ದಾರಿ ಹೊಸದಲ್ಲ. ಮದರಾಸಿನ ಏನುಗುಲ ವೀರಾಸ್ವಾಮಿ ಎಂಬುವರು 1830ರ ಮೇ 18ರಂದು ಕಾಶಿಗೆ ಹೊರಟು ಹೈದರಾಬಾದು, ನಾಗಪುರ, ಜಬಲ್ಪುರದ ಮೇಲೆಯೇ ಹೋದರು. ಮರಳಿ ಮನೆ ಸೇರಿದ್ದು 1831ರ ಸೆಪ್ಟೆಂಬರ್ 3ರಂದು. ಹದಿನೈದೂವರೆ ತಿಂಗಳು! ಅವರ ವಾಹನ ಪಲ್ಲಕ್ಕಿ. ಜೊತೆಗೆ ಸುಮಾರು ನೂರು ಜನರ ತಂಡ. ಆ ಪ್ರಯಾಣದ ಕಥೆಯನ್ನು ತೆಲುಗಿನಲ್ಲಿ ಬರೆದಿಟ್ಟಿದ್ದಾರೆ. ನಮಗೆ ಸಿಗುವುದು ಶಾಲೆಯ ರಜೆಯ ಹದಿಮೂರು ದಿನ.

ಇನ್ನು ಗಾಡಿ. ನಮ್ಮ ಮುಂದೆ ಮೂರು ಆಯ್ಕೆ ಇದ್ದವು.

ಒಂದನೆಯದು, ಮನೆಯ ಎರಡು ಕಾರು. ಖರ್ಚು ಕಡಿಮೆ. ಆದರೆ ಎರಡು ಕಾರೆಂದರೆ ಎರಡು ದಾರಿ, ಎರಡು ಹಸಿವು, ಎರಡು ಪಂಕ್ಚರು. ಓಡಿಸುವವರು ಮನೆಯವರೇ ಆದ್ದರಿಂದ ಅವರಿಗೆ ಯಾತ್ರೆಯೇ ಇಲ್ಲ, ಬರೀ ರಸ್ತೆ.

ಎರಡನೆಯದು, ಮಕ್ಕಳು ಹಟ ಹಿಡಿದ ಮನೆಗಾಡಿ, ಅಂದರೆ ಕ್ಯಾರವಾನ್. ಅಮೆರಿಕದಲ್ಲಿರುವ ನಮ್ಮವರ ಮಕ್ಕಳು ಇದನ್ನು ಆರ್‌ವಿ ಎನ್ನುತ್ತಾರೆ. ಒಳಗೇ ಹಾಸಿಗೆ, ಒಲೆ, ಫ್ರಿಜ್ಜು, ಶೌಚಾಲಯ. ನಮ್ಮಲ್ಲೂ ಈಗ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತವೆ. ಕೇರಳ ಸರ್ಕಾರ 2021ರಲ್ಲಿ ಇದಕ್ಕಾಗಿಯೇ ಒಂದು ಪ್ರವಾಸ ಯೋಜನೆ ತಂದಿತು.

ಮೂರನೆಯದು, ಎಲ್ಲರಿಗೂ ಗೊತ್ತಿರುವ ಟೆಂಪೋ ಟ್ರಾವೆಲರ್. ಹಗಲು ಅದರಲ್ಲಿ ಪ್ರಯಾಣ, ರಾತ್ರಿ ಛತ್ರ ಅಥವಾ ವಸತಿಗೃಹ.

ಮನೆಗಾಡಿ ಎಂದ ಕೂಡಲೇ ಹೊಸ ವಿಚಾರ ಎನ್ನಬೇಡಿ. ನಮ್ಮ ಜಿಲ್ಲೆಯ ಅಜ್ಜಂದಿರನ್ನು ಕೇಳಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಕಮಾನು ಗಾಡಿ ಕಟ್ಟಿಕೊಂಡು ಹೋದವರು ಅವರು. ಗಾಡಿಯಲ್ಲಿ ಹುಲ್ಲಿನ ಮೆತ್ತೆ, ಅದರ ಮೇಲೆ ಕಂಬಳಿ, ತಲೆಯ ಮೇಲೆ ಕಮಾನು, ಕೆಳಗೆ ತೂಗುವ ಲಾಟೀನು, ಬುಟ್ಟಿಯಲ್ಲಿ ರೊಟ್ಟಿ. ಗಾಡಿ ನಿಂತಲ್ಲೇ ಮನೆ. ಭಾರ ಹೇರುವ ಶಾಸ್ತ್ರವೂ ಅವರಿಗೆ ಗೊತ್ತಿತ್ತು. ಮುಂದೆ ಹೆಚ್ಚು ಹೇರಿದರೆ ಎತ್ತಿನ ಕತ್ತು ನೋಯುತ್ತದೆ, ಹಿಂದೆ ಹೆಚ್ಚಾದರೆ ನೊಗ ಮೇಲೇಳುತ್ತದೆ. ಅದಕ್ಕೆ ಭಾರವನ್ನು ಅಚ್ಚಿನ ಹತ್ತಿರ, ತಳದಲ್ಲಿ ಇಡುತ್ತಿದ್ದರು. ಮೋಟಾರು ಗಾಡಿಗೂ ಇದೇ ನಿಯಮ. ಭಾರವಾದದ್ದು ಕೆಳಗೆ ಮತ್ತು ನಡುವೆ, ಹಗುರವಾದದ್ದು ಮಾತ್ರ ಮೇಲಿನ ಕ್ಯಾರಿಯರ್ ಮೇಲೆ. ಮೇಲೆ ಭಾರ ಹೆಚ್ಚಾದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ತಲೆಯ ಮೇಲೆ ಎರಡು ಕೊಡ ಹೊತ್ತು ಓಡಿ ನೋಡಿ, ಗೊತ್ತಾಗುತ್ತದೆ.

ಹಾಗಾದರೆ ಮನೆಗಾಡಿಯನ್ನೇ ಏಕೆ ಆರಿಸಲಿಲ್ಲ? ಹಡಗಿಗೆ ಬಂದರು ಬೇಕಾದ ಹಾಗೆ ಮನೆಗಾಡಿಗೆ ತಂಗುದಾಣ ಬೇಕು. ಅದರೊಳಗೆ ಒಳ್ಳೆಯ ನೀರಿಗೆ ಒಂದು ತೊಟ್ಟಿ, ತೊಳೆದ ನೀರಿಗೆ ಇನ್ನೊಂದು, ಶೌಚಕ್ಕೆ ಮತ್ತೊಂದು. ಅಮೆರಿಕದ ತಂಗುದಾಣಗಳಲ್ಲಿ ನೀರು ತುಂಬಲು, ವಿದ್ಯುತ್ ಜೋಡಿಸಲು, ಕೊಳೆ ತೊಟ್ಟಿ ಖಾಲಿ ಮಾಡಲು ವ್ಯವಸ್ಥೆ ಇರುತ್ತದೆ. ನಮ್ಮ ಹೆದ್ದಾರಿಗಳ ಬದಿಯಲ್ಲಿ ಅಂಥ ಜಾಗ ಅಪರೂಪ. ಹೊಲದ ಬದುವಿಗೋ ಹಳ್ಳಕ್ಕೋ ಸುರಿಯುವುದು ನಮಗೆ ಒಪ್ಪುವ ಮಾತಲ್ಲ. ಜೊತೆಗೆ, ಗಾಡಿ ಓಡುವಾಗ ಯಾರೂ ಹಾಸಿಗೆಯಲ್ಲಿ ಮಲಗಬಾರದು, ಎಲ್ಲರೂ ಬೆಲ್ಟು ಹಾಕಿ ಕುಳಿತಿರಬೇಕು. ಒಂಬತ್ತು ಜನ ಬೆಲ್ಟು ಹಾಕಿ ಕೂರುವಷ್ಟು, ಒಂಬತ್ತು ಜನ ಮಲಗುವಷ್ಟು ದೊಡ್ಡ ಮನೆಗಾಡಿ ಸಿಗುವುದು ಕಷ್ಟ. ನಾಲ್ಕು ಜನರ ಸಂಸಾರ, ಮೂರು ನಾಲ್ಕು ದಿನ, ಮೊದಲೇ ಗೊತ್ತುಪಡಿಸಿದ ತಂಗುದಾಣ ಇದ್ದರೆ ಮನೆಗಾಡಿ ಖಂಡಿತ ಚೆನ್ನ. ಇನ್ನೊಂದು ಎಚ್ಚರಿಕೆ: ಹಳೆಯ ವ್ಯಾನು ಕೊಂಡು ಗ್ಯಾರೇಜಿನಲ್ಲಿ ಮಂಚ, ಒಲೆ ಕೂರಿಸಿಕೊಳ್ಳುತ್ತೇವೆ ಎನ್ನುವವರಿದ್ದಾರೆ. ನೋಂದಣಿಯಲ್ಲಿ ಇರುವ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ.

ಇಷ್ಟೆಲ್ಲ ಚರ್ಚೆ ನಡೆಯುವಾಗ ನಮ್ಮ ಅಕ್ಕ ಒಂದೇ ಮಾತು ಹೇಳುತ್ತಿದ್ದರು: "ನೀವು ಹೋಗಿ ಬನ್ನಿ. ನನಗೆ ಒಂದು ತಂಬಿಗೆ ಗಂಗೆ ತಂದುಕೊಡಿ, ಸಾಕು." ಮಕ್ಕಳಿಗೆ ಅವರು ದೊಡ್ಡಜ್ಜಿ. ವಯಸ್ಸು ಎಂಬತ್ತೊಂದು. ಕಾಶಿಗೆ ಹೋಗಬೇಕೆಂದು ಮೊದಲು ಆಸೆಪಟ್ಟವರೇ ಅವರು. ದುಡ್ಡಿನ ಚಿಂತೆ ಇರಬೇಕು ಎಂದು ಮಗ ತಿಳಿದ. ಮಂಡಿನೋವು ಎಂದು ಸೊಸೆ ತಿಳಿದಳು. ಒಂಬತ್ತು ವರ್ಷದ ಮೊಮ್ಮಗಳು ಮಾತ್ರ ಪಕ್ಕ ಕುಳಿತು ನೇರವಾಗಿ ಕೇಳಿದಳು. ದೊಡ್ಡಜ್ಜಿ ಅವಳ ಕಿವಿಯಲ್ಲಿ ಹೇಳಿದರು: "ದಾರಿಯಲ್ಲಿ ಅವಸರವಾದರೆ ಎಲ್ಲಿ ಹೋಗಲಿ ಮಗಾ? ಎಲ್ಲರೂ ನನಗಾಗಿ ಗಾಡಿ ನಿಲ್ಲಿಸಬೇಕು. ಕೆಳಗೆ ಕೂತರೆ ಏಳಲು ಬರುವುದಿಲ್ಲ."

ಅಜ್ಜಿಯರೇ, ಈ ಮಾತು ನಿಮಗೆ ಹೊಸದಲ್ಲ. ಮದುವೆಗೆ, ಜಾತ್ರೆಗೆ ಹೊರಡುವಾಗ ಬೆಳಗಿನಿಂದ ನೀರು ಕುಡಿಯದೆ ಕೂರುವವರು ನಮ್ಮ ಮನೆಗಳಲ್ಲಿ ಎಷ್ಟು ಜನ! ನೀರು ಕುಡಿಯದಿದ್ದರೆ ತಲೆಸುತ್ತು, ಮೂತ್ರದ ಉರಿ, ಮಲಬದ್ಧತೆ. ಬಿಪಿ, ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಅಪಾಯ. ಬಾಯಿಬಿಟ್ಟು ಹೇಳಲು ಸಂಕೋಚ. ಹಾಗಾಗಿ "ನನಗೆ ಬೇಡ, ನೀವು ಹೋಗಿ" ಎನ್ನುತ್ತಾರೆ. ಅಲ್ಲಿಂದ ಮುಂದೆ ನಮ್ಮ ಪ್ರಶ್ನೆ ಬದಲಾಯಿತು. ಯಾವ ಗಾಡಿ ಚೆಂದ ಎಂಬುದನ್ನು ಬಿಟ್ಟು, ದೊಡ್ಡಜ್ಜಿ ಯಾವ ಗಾಡಿ ಹತ್ತಬಲ್ಲರು, ದಾರಿಯಲ್ಲಿ ಅವರಿಗೆ ಏನೇನು ಬೇಕು ಎಂದು ಪಟ್ಟಿ ಮಾಡಿದೆವು.

ಪಟ್ಟಿ ಹೀಗಾಯಿತು. ಮಡಚುವ ಕಮೋಡ್ ಕುರ್ಚಿ ಒಂದು, ಅದಕ್ಕೆ ಮುಚ್ಚಳವಿರುವ ಬಕೆಟ್ಟು, ಸುತ್ತ ಹಿಡಿಯಲು ಎರಡು ಹಳೆಯ ಸೀರೆ. ಪೆಟ್ರೋಲ್ ಬಂಕಿನಲ್ಲಿ ಕುಕ್ಕರಗಾಲಿನ ಶೌಚಾಲಯ ಮಾತ್ರ ಇದ್ದರೆ ಕುರ್ಚಿ ಒಳಗೆ ಹೋಗುತ್ತದೆ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲುತ್ತದೆ, ಕೇಳಿದರೂ ಸರಿ, ಕೇಳದಿದ್ದರೂ ಸರಿ. ಆಗ ಎಲ್ಲರೂ ಇಳಿಯಬೇಕು. ಒಬ್ಬರಿಗಾಗಿ ನಿಲ್ಲಿಸಿದೆವು ಎಂಬ ಮಾತೇ ಬರಕೂಡದು. ತುಂಬಾ ಹೊತ್ತು ಕಾಲು ಇಳಿಬಿಟ್ಟು ಕೂತರೆ ಪಾದ ಊದುತ್ತದೆ, ರಕ್ತ ಹೆಪ್ಪುಗಟ್ಟಲೂಬಹುದು. ಹಾಗಾಗಿ ನಡೆದಾಟ ಎಲ್ಲ ಹಿರಿಯರಿಗೂ ಬೇಕೇ ಬೇಕು. ರಾತ್ರಿ ತಂಗಲು ನೆಲಮಹಡಿಯ ಕೋಣೆ. ಹತ್ತಲು ಒಂದು ಗಟ್ಟಿ ಮರದ ಸ್ಟೂಲು.

ಈಗ ತೂಕದ ಲೆಕ್ಕ. ಬಯಲುಸೀಮೆಯ ನಮಗೆ ನೀರಿನ ಬೆಲೆ ಗೊತ್ತು. 1933ರಲ್ಲಿ ಕೋಡಿ ಬಿದ್ದಿದ್ದ ಹಿರಿಯೂರಿನ ಮಾರಿಕಣಿವೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಆದರೆ ನೀರಿನ ತೂಕ ಮರೆಯುತ್ತೇವೆ. ಒಂದು ಲೀಟರ್ ನೀರು ಒಂದು ಕಿಲೋ. ನಮ್ಮ ಪಟ್ಟಿ ನೋಡಿ:

ಒಂಬತ್ತು ಬ್ಯಾಗು, ತಲಾ 12 ಕಿಲೋ: 108
ಕುಡಿಯುವ ನೀರು: 40
ತೊಳೆಯುವ ನೀರು: 40
ದಿನಸಿ, ಬುತ್ತಿ: 40
ಇಂಡಕ್ಷನ್ ಒಲೆ, ಪಾತ್ರೆ: 20
ಚಾಪೆ, ಹೊದಿಕೆ: 27
ಗಾಲಿಕುರ್ಚಿ: 15
ಕಮೋಡ್ ಕುರ್ಚಿ, ಸ್ಟೂಲು: 10

ಒಟ್ಟು 300 ಕಿಲೋ. ಒಬ್ಬರಿಗೆ 60 ಕಿಲೋ ಎಂದರೆ ಕಣ್ಣಿಗೆ ಕಾಣದ ಐದು ಪ್ರಯಾಣಿಕರು! ಒಂಬತ್ತು ಮತ್ತು ಐದು ಹದಿನಾಲ್ಕು. ಒಂಬತ್ತು ಜನರೆಂದು ಒಂಬತ್ತು ಸೀಟಿನ ಗಾಡಿ ಹಿಡಿದವರು ಕಷ್ಟಪಡುವುದು ಇಲ್ಲೇ. ನಾವು 17 ಸೀಟಿನ ಟ್ರಾವೆಲರ್ ಹಿಡಿದೆವು. ಉಳಿದ ಮೂರು ಸೀಟು ಹಿರಿಯರು ಕಾಲು ಚಾಚಲಿಕ್ಕೆ.

ಪಟ್ಟಿಯಲ್ಲಿ ಗ್ಯಾಸ್ ಸಿಲಿಂಡರ್ ಇಲ್ಲ, ಗಮನಿಸಿದಿರಾ? ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಗಾಡಿಯ ತಳದಲ್ಲೇ ನಿಲ್ಲುತ್ತದೆ, ಒಂದು ಕಿಡಿ ಸಾಕು. ಕಟಕು ರೊಟ್ಟಿ, ಶೇಂಗಾ ಚಟ್ನಿಪುಡಿ, ರಾಗಿ ಹುರಿಹಿಟ್ಟು, ಅವಲಕ್ಕಿ ಇದ್ದರೆ ಹಗಲು ಕಳೆಯುತ್ತದೆ. ರಾತ್ರಿ ಕೋಣೆಯವರ ಒಪ್ಪಿಗೆ ಕೇಳಿ ಅನ್ನ, ಸಾರು.

ಬಾಡಿಗೆಯ ಲೆಕ್ಕಕ್ಕೆ ಬರೋಣ. ಗಾಡಿಯವರು ಕಿಲೋಮೀಟರಿಗೆ ಇಷ್ಟು ಎನ್ನುತ್ತಾರೆ, ಜೊತೆಗೆ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂದು ಮೆಲ್ಲಗೆ ಸೇರಿಸುತ್ತಾರೆ. ಕನಿಷ್ಠ 300 ಎಂದಿಟ್ಟುಕೊಳ್ಳಿ. ಹದಿಮೂರು ದಿನಕ್ಕೆ 3,900. ಹೋಗಿ ಬರುವುದು 3,500, ಊರೊಳಗಿನ ಓಡಾಟ 100, ಒಟ್ಟು 3,600. ಅಂದರೆ ಓಡದ 300 ಕಿಲೋಮೀಟರಿಗೂ ಹಣ ಕೊಟ್ಟಿರುತ್ತೇವೆ. ಆ ಬಾಕಿಯಲ್ಲಿ ಸಾರನಾಥ, ವಿಂಧ್ಯಾಚಲ ಎರಡನ್ನೂ ನೋಡಿ ಬರಬಹುದು. ಟೋಲು, ಬೇರೆ ರಾಜ್ಯಗಳ ತೆರಿಗೆ, ಚಾಲಕರ ಬಾಟಾ ಯಾರದು ಎಂಬುದನ್ನು ಬರೆದು ಸಹಿ ಹಾಕಿಸಿಕೊಳ್ಳಿ. ಹಳದಿ ಫಲಕ, ಅಖಿಲ ಭಾರತ ಪ್ರವಾಸಿ ಪರವಾನಗಿ, ವಿಮೆ, ಫಿಟ್‌ನೆಸ್ ನೋಡಿಯೇ ಮುಂಗಡ ಕೊಡಿ.

ಚಾಲಕರೂ ಮನುಷ್ಯರು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಯಾಗುವುದರೊಳಗೆ ಅರ್ಧ ಗಂಟೆಯಾದರೂ ವಿಶ್ರಾಂತಿ ಎಂದು ಗೊತ್ತುಪಡಿಸಿತ್ತು. ದೂರ ಪ್ರಯಾಣಕ್ಕೆ ಕೆಲವು ಸಡಿಲಿಕೆ ಇದ್ದರೂ ನಾವು ಎಂಟನ್ನೇ ಹಿಡಿದಿದ್ದೇವೆ. ಕರ್ನೂಲು, ಕಾಮಾರೆಡ್ಡಿ, ನಾಗಪುರ, ಜಬಲ್ಪುರ, ಪ್ರಯಾಗ, ಹೀಗೆ ಐದು ರಾತ್ರಿ ತಂಗಿ ಆರನೆಯ ದಿನ ಮಧ್ಯಾಹ್ನ ಕಾಶಿ. ಅಲ್ಲಿ ಎರಡು ಪೂರ್ತಿ ದಿನ, ಬರುವಾಗ ಐದು ದಿನ. ರಾತ್ರಿ ಪ್ರಯಾಣ ಇಲ್ಲ. ಹೊರಡುವ ಹಿಂದಿನ ರಾತ್ರಿ ಎಲ್ಲರೂ ದುರ್ಗದಲ್ಲೇ ಮಲಗಬೇಕು. ಬೆಳಿಗ್ಗೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸುತ್ತಿ ಒಬ್ಬೊಬ್ಬರನ್ನೇ ಹತ್ತಿಸಿಕೊಳ್ಳುತ್ತ ಹೋದರೆ ಮೊದಲ ದಿನ ನಮ್ಮ ಜಿಲ್ಲೆಯಲ್ಲೇ ಮುಗಿಯುತ್ತದೆ! ಡಿಸೆಂಬರ್, ಜನವರಿಯಲ್ಲಿ ಹೊರಡುವವರು ಗಂಗಾ ಬಯಲಿನ ದಟ್ಟ ಮಂಜನ್ನು ನೆನಪಿಡಿ. ಬಿಸಿಲೇರುವ ತನಕ ಗಾಡಿ ತೆಗೆಯಬಾರದು.

ಕೊನೆಯ ಒಂದೆರಡು ಕಿಲೋಮೀಟರಿಗೆ ಯಾವ ಗಾಡಿಯೂ ಬರುವುದಿಲ್ಲ. ಕಾಶಿಯ ಹಳೆಯ ಪೇಟೆಯ ಗಲ್ಲಿಗಳು ಅಷ್ಟು ಇಕ್ಕಟ್ಟು. ಗೊದೌಲಿಯಾ ಹತ್ತಿರ ಇರುವ ಜಂಗಮವಾಡಿ ಮಠ ಕರ್ನಾಟಕದ ಯಾತ್ರಿಕರಿಗೆ ಪರಿಚಿತ ಜಾಗ. ಅಲ್ಲಿಂದ ಘಾಟಿನ ಕಡೆಗೆ ಗಾಲಿಕುರ್ಚಿ, ಮೆಟ್ಟಿಲು ಬಂದಾಗ ಮನೆಯವರ ತೋಳು. 15 ಕಿಲೋ ಕುರ್ಚಿಯನ್ನು ಇಷ್ಟು ದೂರ ಹೊತ್ತೊಯ್ಯುವುದು ಅದಕ್ಕಾಗಿ.

ಮುಂಗಡ ಕೊಡುವ ಮೊದಲು ದೊಡ್ಡಜ್ಜಿಯನ್ನು ಗಾಡಿಯವರ ಅಂಗಳಕ್ಕೆ ಕರೆದೊಯ್ದೆವು. ಮೊದಲ ಗಾಡಿಯ ಮೆಟ್ಟಿಲು ಎತ್ತರ, ಹಿಡಿಯಲು ಕಂಬಿ ಇಲ್ಲ, ಬಿಟ್ಟೆವು. ಎರಡನೆಯದನ್ನು ಸ್ಟೂಲಿನ ಮೇಲೆ ಕಾಲಿಟ್ಟು ಮೂರು ಸಲ ಹತ್ತಿ ಇಳಿದರು. ಕಮೋಡ್ ಕುರ್ಚಿಯನ್ನು ತೋರಿಸಿದಾಗ ಒಂದು ಮಾತನ್ನೂ ಆಡಲಿಲ್ಲ. ಆಮೇಲೆ ಒಳಗೆ ಕೂತು ಮೊಮ್ಮಗಳನ್ನು ಕೇಳಿದರು: "ಗಂಗೆ ಬರುವಾಗ ಯಾವ ಕಡೆಯ ಕಿಟಕಿಗೆ ಕಾಣುತ್ತಾಳೆ?"

ಮಕ್ಕಳೇ, ಈ ವಾರದ ಲೆಕ್ಕ: ಒಂದು ಮನೆಯಲ್ಲಿ ಆರು ಜನ. ತಲಾ 10 ಕಿಲೋ ಬ್ಯಾಗು, 60 ಲೀಟರ್ ನೀರು, ಉಳಿದ ಸಾಮಾನು 120 ಕಿಲೋ. ಕಾಣದ ಪ್ರಯಾಣಿಕರು ಎಷ್ಟು? ಎಷ್ಟು ಸೀಟಿನ ಗಾಡಿ ಬೇಕು? ಉತ್ತರ ಮುಂದಿನ ವಾರ.

ಇನ್ನೊಂದು ಪ್ರಶ್ನೆಯ ಉತ್ತರ ನನಗೆ ಕಳಿಸಬೇಕಿಲ್ಲ. ಮನೆಯ ಅತಿ ಹಿರಿಯರ ಪಕ್ಕ ಕುಳಿತು, ಬೇರೆ ಯಾರೂ ಇಲ್ಲದಾಗ ಕೇಳಿ: "ದೂರ ಹೋಗುವಾಗ ನಿನಗೆ ಏನು ಕಷ್ಟ?" ಅವರು ಹೇಳಿದ್ದನ್ನು ಗಾಡಿ ಗೊತ್ತುಮಾಡುವವರಿಗೆ, ಅವರ ಒಪ್ಪಿಗೆ ಪಡೆದು, ತಿಳಿಸಿ.